ಇ-ಸ್ಪೋರ್ಟ್ಸ್ ಪ್ರಿಡಿಕ್ಷನ್ ಮಾರುವ ಟೆಲಿಗ್ರಾಂ ಚಾನೆಲ್‌ಗಳು: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಇ-ಸ್ಪೋರ್ಟ್ಸ್ ಅಂದರೆ ವಿಡಿಯೋ ಗೇಮ್‌ಗಳ ಪಂದ್ಯಾವಳಿ. ಅದರಲ್ಲಿ ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್, ಬಿಜಿಎಂಐ ಅನ್ನುವ ಗನ್ ಗೇಮ್‌ಗಳ ಮ್ಯಾಚ್‌ಗಳಿಗೆ "ಡೇಟಾ ಆಧಾರಿತ ಪ್ರಿಡಿಕ್ಷನ್" ಕೊಡುತ್ತೇವೆ ಅಂತ ಟೆಲಿಗ್ರಾಂನಲ್ಲಿ ವಿಐಪಿ ಚಾನೆಲ್ ನಡೆಸುವವರು ಈಗ ಜಾಸ್ತಿಯಾಗಿದ್ದಾರೆ. ಅಂಥ ಒಂದಕ್ಕೆ ನಾನು ಮತ್ತು ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಇಬ್ಬರೂ ದುಡ್ಡು ಕಟ್ಟಿದ್ದೆವು. ದುಡ್ಡು ಹೋಯಿತು, ಅದು ಹಾಗಿರಲಿ. ಅವರು ಹೇಗೆ ಟೋಪಿ ಹಾಕುತ್ತಾರೆ ಅನ್ನುವುದು ಮಾತ್ರ ಪೂರ್ತಿ ಗೊತ್ತಾಯಿತು. ಅದನ್ನೇ ಬರೆಯುತ್ತಿದ್ದೇನೆ. ಚಾನೆಲ್ ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ಆ ಹೆಸರು ಆಗಲೇ ಬದಲಾಗಿದೆ.

ಮೊದಲಿಗೆ ಒಂದು ಮಾತು. ಇದು ನೋಡಿದ ಕೂಡಲೇ ಬೆಟ್ಟಿಂಗ್ ಚಾನೆಲ್ ಅನ್ನಿಸುವಂತೆ ಇರಲಿಲ್ಲ. ನೋಟಿನ ಕಂತೆ, ಕಾರಿನ ಫೋಟೋ, ಅಂಥದ್ದೇನೂ ಇಲ್ಲ. ಗ್ರಾಫ್ ಇತ್ತು. ತಂಡಗಳ ಬಲ ಅಳೆಯುವ ಈಲೋ ಅಂಕ, ಆಟಗಾರರ ರೇಟಿಂಗ್, ಮಿರಾಜ್ ಮ್ಯಾಪ್‌ನಲ್ಲಿ (ಆಟದ ಅಂಗಳದಲ್ಲಿ) ಎಷ್ಟು ಗೆಲುವು, ಇನ್ಫರ್ನೋ ಮ್ಯಾಪ್‌ನಲ್ಲಿ ಎಷ್ಟು ಅನ್ನುವ ಟೇಬಲ್ ಇತ್ತು. ನನ್ನಂಥವರಿಗೆ ಬೇಕಿದ್ದೂ ಅದೇ. ಕೌಂಟರ್-ಸ್ಟ್ರೈಕ್‌ನ ದೊಡ್ಡ ಟೂರ್ನಿ ಮೇಜರ್ ಬಂದಾಗ ಆಫೀಸಿನಲ್ಲಿ ನಾವು ಐದಾರು ಜನ ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಪಿಕ್‌ಎಮ್ ತುಂಬುತ್ತೇವೆ, ಸೋತವನು ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು. ಅಷ್ಟಕ್ಕೇ ನಾನು ಸೇರಿದ್ದು. ತಮ್ಮನ ಲೆಕ್ಕಾಚಾರ ಬೇರೆ ಇತ್ತು, ಅದು ಆಮೇಲೆ ಗೊತ್ತಾಯಿತು.

ಪಿನ್ ಮಾಡಿದ ಮೆಸೇಜ್‌ನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು: "ನಮ್ಮ ಮಾಡೆಲ್ 91% ಕರೆಕ್ಟ್."

ಈ 91ರ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಲೋ ಅನ್ನುವುದು ಆರ್ಪಾಡ್ ಈಲೋ ಎಂಬ ಭೌತಶಾಸ್ತ್ರದ ಪ್ರೊಫೆಸರ್ ಚೆಸ್ ಆಟಗಾರರಿಗಾಗಿ ಮಾಡಿದ ಲೆಕ್ಕ. ಅಮೆರಿಕದ ಚೆಸ್ ಸಂಸ್ಥೆ ಅದನ್ನು 1960ರಲ್ಲಿ ತೆಗೆದುಕೊಂಡಿತು, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ. ಈಗ ಹೆಚ್ಚುಕಡಿಮೆ ಎಲ್ಲಾ ಗೇಮ್‌ಗಳ ರ್‍ಯಾಂಕಿಂಗ್ ಹಿಂದೆಯೂ ಅದರದ್ದೇ ಯಾವುದೋ ಒಂದು ರೂಪ ಇರುತ್ತದೆ. ಇಬ್ಬರ ನಡುವೆ 100 ಅಂಕ ವ್ಯತ್ಯಾಸ ಇದ್ದರೆ ಮೇಲಿನವನು ಗೆಲ್ಲುವ ಸಾಧ್ಯತೆ ಸುಮಾರು 64%. 200 ಇದ್ದರೆ 76%. 400 ಇದ್ದರೆ 91%. ಅಂದರೆ 91% ಸರಿ ಹೇಳಲು ಮಾಡೆಲ್ಲೇ ಬೇಕಿಲ್ಲ. ಬಲಿಷ್ಠ ತಂಡ ಮತ್ತು ಬಡಪಾಯಿ ತಂಡದ ಮ್ಯಾಚ್‌ಗಳನ್ನಷ್ಟೇ ಆರಿಸಿಕೊಂಡರೆ ಸಾಕು. 2025ರ ಮೊದಲ ಅರ್ಧದಲ್ಲಿ ಕೌಂಟರ್-ಸ್ಟ್ರೈಕ್‌ನ ವೈಟಾಲಿಟಿ ತಂಡ ಸತತ 30 ಮ್ಯಾಚ್ ಗೆದ್ದಿತ್ತು. ಆಗ ಕಣ್ಣು ಮುಚ್ಚಿಕೊಂಡು "ವೈಟಾಲಿಟಿ" ಅಂದವರೆಲ್ಲ ಜ್ಯೋತಿಷಿಗಳೇ. ನಮ್ಮ ಚಾನೆಲ್‌ನವರು ಶುರುವಿನಲ್ಲಿ ಮಾಡಿದ್ದೂ ಅದನ್ನೇ. ಮೊದಮೊದಲು ಹೇಳಿದ್ದೆಲ್ಲ ಸರಿಯಾಗುತ್ತಾ ಹೋಯಿತು, ನಾವೂ ಸುಮ್ನೆ ತಲೆ ಆಡಿಸುತ್ತಾ ಹೋದೆವು.

ಅನುಮಾನ ಬಂದದ್ದು ಒಂದು ಪೋಸ್ಟ್‌ನಿಂದ. ರಾತ್ರಿ ಮಲಗುವಾಗ ನೋಡಿದ ಪ್ರಿಡಿಕ್ಷನ್ 2-0. ಬೆಳಿಗ್ಗೆ ಅದೇ ಪೋಸ್ಟ್‌ನಲ್ಲಿ 2-1 ಅಂತ ಇತ್ತು, ಪಕ್ಕದಲ್ಲಿ ಹಸಿರು ಟಿಕ್. ಸಮಯದ ಪಕ್ಕ "ಎಡಿಟೆಡ್" ಅನ್ನುವ ಸಣ್ಣ ಪದ, ಯಾರ ಕಣ್ಣಿಗೂ ಬೀಳದ ಹಾಗೆ. ಕೇಳಿದರೆ "ಟೈಪಿಂಗ್ ಮಿಸ್ಟೇಕ್ ಬ್ರೋ" ಅಂದರು. ಸರಿ ಅಂತ ಬಿಟ್ಟೆ. ಆದರೆ ಸಾಕ್ಷಿಗಿರಲಿ ಅಂತ ಸ್ಕ್ರೀನ್‌ಶಾಟ್ ತೆಗೆಯಲು ಹೋದರೆ ಬರಲಿಲ್ಲ. ಟೆಲಿಗ್ರಾಂನಲ್ಲಿ ಚಾನೆಲ್ ನಡೆಸುವವರು ಸೇವ್ ಮಾಡುವುದನ್ನೂ ಫಾರ್ವರ್ಡ್ ಮಾಡುವುದನ್ನೂ ಬಂದ್ ಮಾಡಬಹುದು. ಆಗ ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್‌ಶಾಟ್ ಕೂಡ ಬರುವುದಿಲ್ಲ. ದುಡ್ಡು ಕಟ್ಟಿದ ಚಾನೆಲ್‌ಗೆ ಮಾತ್ರ ಆ ಬೀಗ ಹಾಕಿದ್ದರು. "ನಮ್ಮ ಡೇಟಾ ಕಳ್ಳತನ ಆಗಬಾರದು" ಅನ್ನುವುದು ಅವರು ಕೊಟ್ಟ ಕಾರಣ. ಇಂಥ ಕಡೆ ಸಾಕ್ಷಿ ಬೇಕಾದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯುವುದೊಂದೇ ದಾರಿ.

ಅಲ್ಲಿಂದ ನಾನು ಅವರ ಫ್ರೀ ಚಾನೆಲ್ ಕೆದಕಲು ಶುರು ಮಾಡಿದೆ. ವಾಟ್ಸಾಪ್‌ನಲ್ಲಿ ಮೆಸೇಜ್ ಅಳಿಸಿದರೆ ಅಳಿಸಲಾಗಿದೆ ಅಂತ ಒಂದು ಗುರುತು ಉಳಿಯುತ್ತದೆ, ಅಲ್ವಾ? ಟೆಲಿಗ್ರಾಂ ಚಾನೆಲ್‌ನಲ್ಲಿ ಏನೂ ಉಳಿಯುವುದಿಲ್ಲ. ಆದರೆ ಒಂದು ಸುಳಿವು ಇದೆ. ಯಾವುದೇ ಪೋಸ್ಟ್‌ನ ಲಿಂಕ್ ಕಾಪಿ ಮಾಡಿದರೆ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಪೋಸ್ಟ್‌ನ ಕ್ರಮಸಂಖ್ಯೆ. 412, 413 ಆದಮೇಲೆ ನೇರವಾಗಿ 417 ಬಂದರೆ ನಡುವಿನವು ಎಲ್ಲಿ ಹೋದವು? ನಾಲ್ಕು ಫೋಟೋ ಒಟ್ಟಿಗೆ ಹಾಕಿದರೆ ನಾಲ್ಕು ಸಂಖ್ಯೆ ಖರ್ಚಾಗುತ್ತದೆ, ಹಾಗಾಗಿ ಒಂದೆರಡು ಕಡೆ ಖಾಲಿ ಇದ್ದರೆ ಏನೂ ಅಂದುಕೊಳ್ಳಬೇಡಿ. ಇಲ್ಲಿ ಹಾಗಿರಲಿಲ್ಲ. ಟೂರ್ನಿ ನಡೆದ ದಿನಗಳಲ್ಲೆಲ್ಲ ತೂತೋ ತೂತು. ಟೂರ್ನಿ ಇಲ್ಲದ ದಿನ ಒಂದೂ ಸಂಖ್ಯೆ ತಪ್ಪಿರಲಿಲ್ಲ. ಸೋತ ಪ್ರಿಡಿಕ್ಷನ್‌ಗಳನ್ನು ಗುಡಿಸಿ ಹಾಕಿ, ಉಳಿದದ್ದಕ್ಕೆ ಪರ್ಸೆಂಟ್ ಲೆಕ್ಕ ಹಾಕಿದರೆ ಯಾರಿಗಾದರೂ 91 ಬಂದೇ ಬರುತ್ತದೆ.

ನಿಜವಾದ ಬಣ್ಣ ಬಯಲಾಗಿದ್ದು ಗೌರಿ ಹಬ್ಬಕ್ಕೆ ಎಲ್ಲರೂ ಊರಲ್ಲಿ ಸೇರಿದಾಗ. ತಮ್ಮ ಅದೇ ಜನರ ಇನ್ನೊಂದು ವಿಐಪಿ ಚಾನೆಲ್‌ನಲ್ಲಿ ಇದ್ದ. ಬೇರೆ ಲಿಂಕ್‌ನಿಂದ ಸೇರಿದ್ದ, ಒಂದೇ ಲೋಗೋ, ಒಂದೇ ಅಡ್ಮಿನ್. ಊಟ ಆದಮೇಲೆ ಜಗುಲಿ ಮೇಲೆ ಕೂತು ಇಬ್ಬರ ಫೋನೂ ಪಕ್ಕಪಕ್ಕ ಇಟ್ಟುಕೊಂಡೆವು. 2025ರ ಜೂನ್ 22ರ ಆಸ್ಟಿನ್ ಮೇಜರ್ ಫೈನಲ್, ವೈಟಾಲಿಟಿ ಮತ್ತು ದಿ ಮಂಗೋಲ್ಜ್. ನನ್ನ ಚಾನೆಲ್‌ನಲ್ಲಿ "ವೈಟಾಲಿಟಿ, ಹೈ ಕಾನ್ಫಿಡೆನ್ಸ್" ಅಂತ ಇತ್ತು. ತಮ್ಮನ ಚಾನೆಲ್‌ನಿಂದ ಆ ಪೋಸ್ಟೇ ಮಾಯ. ಆದರೆ ಅವನು ಆವತ್ತು ಗೆಳೆಯನಿಗೆ ತೋರಿಸಲು ಇನ್ನೊಂದು ಫೋನಿನಿಂದ ಫೋಟೋ ಹೊಡೆದು ಕಳಿಸಿದ್ದ. ಅದರಲ್ಲಿ ಅದೇ ಗ್ರಾಫ್, ಅದೇ ಟೇಬಲ್, ಅದೇ "ಹೈ ಕಾನ್ಫಿಡೆನ್ಸ್". ತಂಡದ ಹೆಸರು ಮಾತ್ರ ಮಂಗೋಲ್ಜ್. ಪಂದ್ಯ ವೈಟಾಲಿಟಿ 2-1ರಲ್ಲಿ ಗೆದ್ದಿತ್ತು. ತಮ್ಮ ಆ ರಾತ್ರಿ ಯಾವುದೋ ವಿದೇಶಿ ಸೈಟ್‌ನಲ್ಲಿ ದುಡ್ಡು ಹಾಕಿದ್ದ. ಅದಕ್ಕಾಗಿ ಗೇಮ್‌ನೊಳಗಿನ ತನ್ನ ಚಾಕು ಸ್ಕಿನ್ (ಆಯುಧದ ಅಲಂಕಾರ) ಮಾರಿಕೊಂಡಿದ್ದ.

ಇದರ ಲೆಕ್ಕ ಭಾಳ ಸರಳ. 1,600 ಜನರನ್ನು ಸೇರಿಸಿಕೊಳ್ಳಿ. ಅರ್ಧ ಜನಕ್ಕೆ ಆ ತಂಡ, ಅರ್ಧ ಜನಕ್ಕೆ ಈ ತಂಡ. ಮ್ಯಾಚ್ ಮುಗಿದ ಮೇಲೆ 800 ಜನರ ಪಾಲಿಗೆ ನೀವು ಸರಿ. ಅವರನ್ನು ಮತ್ತೆ ಎರಡು ಭಾಗ ಮಾಡಿ. 400. ಆಮೇಲೆ 200. ಆಮೇಲೆ 100. ಆ ನೂರು ಜನ ನಿಮ್ಮ ನಾಲ್ಕು ಪ್ರಿಡಿಕ್ಷನ್ ಸಾಲಾಗಿ ಸರಿಯಾಗಿದ್ದನ್ನು ಕಣ್ಣಾರೆ ನೋಡಿದ್ದಾರೆ. ಯಾವುದೂ ಎಡಿಟ್ ಆಗಿಲ್ಲ, ಯಾವುದೂ ಡಿಲೀಟ್ ಆಗಿಲ್ಲ. ಅವರ ಹತ್ತಿರ ಎಷ್ಟು ಕೇಳಿದರೂ ಕೊಡುತ್ತಾರೆ. ಗಿಳಿಶಾಸ್ತ್ರದವನಾದರೂ ಒಂದು ಗಿಳಿಗೆ ಕಾಳು ಹಾಕಿ ಸಾಕಬೇಕು, ಇವರಿಗೆ ಆ ಖರ್ಚೂ ಇಲ್ಲ.

ಹಬ್ಬ ಮುಗಿಸಿ ಬಂದ ಮೇಲೆ ಅಡ್ಮಿನ್‌ಗೆ ಮೆಸೇಜ್ ಹಾಕಿದೆ. ಜಗಳ ಆಡಲಿಲ್ಲ. "ಈವರೆಗಿನ ಎಲ್ಲಾ ಪ್ರಿಡಿಕ್ಷನ್, ಪ್ರತಿಯೊಂದಕ್ಕೂ ನೀವು ಕೊಟ್ಟ ಪರ್ಸೆಂಟ್, ಪೋಸ್ಟ್ ಮಾಡಿದ ಸಮಯ, ಇವಿಷ್ಟು ಇರುವ ಒಂದು ಎಕ್ಸೆಲ್ ಶೀಟ್ ಕೊಡಿ" ಅಂದೆ. ಹವಾಮಾನ ಹೇಳುವವರನ್ನು ಅಳೆಯಲು ಗ್ಲೆನ್ ಬ್ರಯರ್ ಅನ್ನುವವರು 1950ರಲ್ಲಿ ಒಂದು ಸುಲಭ ದಾರಿ ಕೊಟ್ಟಿದ್ದಾರೆ. ನೀವು 70% ಅಂದದ್ದು ನಡೆದರೆ 0.3ರ ವರ್ಗ, ಅಂದರೆ 0.09 ದಂಡ. ನಡೆಯದಿದ್ದರೆ 0.7ರ ವರ್ಗ, 0.49 ದಂಡ. ಎಲ್ಲದಕ್ಕೂ "ಫಿಫ್ಟಿ ಫಿಫ್ಟಿ" ಅನ್ನುವ ಸೋಮಾರಿಗೆ ಯಾವಾಗಲೂ 0.25. ಸರಾಸರಿ ಅದಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾಡೆಲ್ ಕಸದ ಬುಟ್ಟಿಗೆ. ನಿಜವಾಗಿ ಮಾಡೆಲ್ ಕಟ್ಟಿದವನಿಗೆ ಇದು ಹತ್ತು ನಿಮಿಷದ ಕೆಲಸ, ಅವನು ಖುಷಿಯಿಂದಲೇ ತೋರಿಸುತ್ತಾನೆ. ನನಗೆ ಬಂದ ಉತ್ತರ: "ಟ್ರಸ್ಟ್ ಇಲ್ಲ ಅಂದ್ರೆ ಬಿಡಿ ಬ್ರೋ, ಸೀಟ್ ಬೇರೆಯವರಿಗೆ ಕೊಡ್ತೀವಿ." ಅರ್ಧ ಗಂಟೆಯೊಳಗೆ ಚಾನೆಲ್‌ನಿಂದ ಹೊರಗೆ. ಆ ತಿಂಗಳಿಗೆ ಕಟ್ಟಿದ್ದೂ ಹೋಯಿತು.

ಅಂಕಿಅಂಶಗಳೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನಗೆ ಈಗಲೂ ಅದರ ಹುಚ್ಚು ಇದೆ. ಆದರೆ ಒಳ್ಳೆಯ ರೇಟಿಂಗ್ ಮಾಡಿದವರೆಲ್ಲ ತಮಗೆ ಎಷ್ಟು ಗೊತ್ತಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಾಕುತ್ತಾರೆ. ಮಾರ್ಕ್ ಗ್ಲಿಕ್‌ಮನ್ ಅವರ ಗ್ಲಿಕೋ ಅನ್ನುವ ರೇಟಿಂಗ್‌ನಲ್ಲಿ ಅಂಕದ ಜೊತೆಗೆ ಎಷ್ಟು ಆಚೀಚೆ ಆಗಬಹುದು ಅನ್ನುವ ಇನ್ನೊಂದು ಸಂಖ್ಯೆ ಇರುತ್ತದೆ. ತುಂಬಾ ದಿನ ಆಡದೇ ಇದ್ದರೆ ಆ ಎರಡನೆಯದು ದೊಡ್ಡದಾಗುತ್ತದೆ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗೆ ಮಾಡಿದ ಟ್ರೂಸ್ಕಿಲ್ ಕೂಡ ಹೀಗೇ. ಆಟಗಾರರ ರೇಟಿಂಗ್ ಅಂತೂ ಇನ್ನೂ ಸೂಕ್ಷ್ಮ. ಕೌಂಟರ್-ಸ್ಟ್ರೈಕ್ ಸೈಟ್ ಎಚ್‌ಎಲ್‌ಟಿವಿಯ ರೇಟಿಂಗ್‌ನಲ್ಲಿ 1.00 ಅಂದರೆ ಸರಾಸರಿ. ಅದನ್ನು 2010ರಿಂದ ಈಚೆಗೆ ಮತ್ತೆ ಮತ್ತೆ ತಿದ್ದಿದ್ದಾರೆ. ಬರೀ ಪಿಸ್ತೂಲ್ ಹಿಡಿದು ಬಂದ ಎದುರಾಳಿಯನ್ನು ಹೊಡೆದದ್ದಕ್ಕೂ, ಎಕೆ ರೈಫಲ್ ಹಿಡಿದವನನ್ನು ಹೊಡೆದದ್ದಕ್ಕೂ ಒಂದೇ ಬೆಲೆ ಕೊಡಬೇಕಾ ಅನ್ನುವ ಹಳೇ ತಕರಾರಿಗೆ 2025ರಲ್ಲಿ ಬಂದ 3.0 ಆವೃತ್ತಿಯಲ್ಲಷ್ಟೇ ಉತ್ತರ ಸಿಕ್ಕಿತು. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವರೇ ತಮ್ಮ ಸೂತ್ರ ತಿದ್ದುತ್ತಿರುವಾಗ, ನಮ್ಮ ಅಡ್ಮಿನ್ "ರೇಟಿಂಗ್ 1.25, ಸೋಲೋ ಚಾನ್ಸೇ ಇಲ್ಲ" ಅಂತ ಬರೆಯುತ್ತಿದ್ದ.

ಸೋಲುವ ಚಾನ್ಸ್ ಯಾವತ್ತೂ ಇರುತ್ತದೆ. ಕೌಂಟರ್-ಸ್ಟ್ರೈಕ್‌ನ ಫೇಜ್ ತಂಡ 2022ರ ಮೇನಲ್ಲಿ ಆಂಟ್ವರ್ಪ್ ಮೇಜರ್ ಗೆದ್ದಿತು. ಅದೇ ನವೆಂಬರ್‌ನಲ್ಲಿ ರಿಯೋ ಮೇಜರ್‌ನಲ್ಲಿ ಒಂದೂ ಮ್ಯಾಚ್ ಗೆಲ್ಲದೆ 0-3ರಲ್ಲಿ ಮನೆಗೆ ಹೋಯಿತು. ಡೋಟಾ ಗೇಮ್‌ನಲ್ಲಿ ಓಜಿ ತಂಡ 2018ರ ಇಂಟರ್‌ನ್ಯಾಷನಲ್ ಅನ್ನುವ ದೊಡ್ಡ ಟೂರ್ನಿಗೆ ಕೆಲವೇ ತಿಂಗಳ ಮುಂಚೆ ಇಬ್ಬರು ಆಟಗಾರರನ್ನು ಕಳೆದುಕೊಂಡು, ಓಪನ್ ಕ್ವಾಲಿಫೈಯರ್‌ನಿಂದ ಹತ್ತಿ ಬಂದು ಟ್ರೋಫಿಯನ್ನೇ ಎತ್ತಿತು. ಆಗ ತಾನೇ ಸೇರಿದ ಐದು ಜನರ ತಂಡಕ್ಕೆ ಯಾವ ಹಳೇ ಡೇಟಾ ಇರುತ್ತದೆ ಹೇಳಿ?

ತಮ್ಮನಿಗೆ ಅವರು ಮಾರಿದ್ದು "ಐದು ಮ್ಯಾಚ್ ಕಾಂಬೋ". ಐದೂ ಸರಿಯಾದರೆ ದೊಡ್ಡ ಮೊತ್ತ. ಒಂದೊಂದೂ 70% ಅಂತಲೇ ಇಟ್ಟುಕೊಳ್ಳಿ. ಐದೂ ಒಟ್ಟಿಗೆ ಸರಿಯಾಗುವುದು ನೂರಕ್ಕೆ ಸುಮಾರು 17 ಸಲ. ಬಿಕಾಂ ಓದುವ ಹುಡುಗ, ಕ್ಯಾಲ್ಕುಲೇಟರ್ ಕೊಟ್ಟು ನೀನೇ ಗುಣಿಸು ಅಂದೆ. ಎರಡು ಸಲ ಗುಣಿಸಿ ನೋಡಿದ.

ಕೊನೆಯ ಅಸ್ತ್ರ ಬಂದದ್ದು ಅವನು ಸಾಕಷ್ಟು ಕಳೆದುಕೊಂಡ ಮೇಲೆ. "ರಿಕವರಿ ಪ್ಲಾನ್" ಅಂತ ಬೇರೆ ನಂಬರ್‌ನಿಂದ ಮೆಸೇಜ್. ಮ್ಯಾಚ್ ಫಿಕ್ಸ್ ಆಗಿದೆ, ತಂಡದ ಒಳಗಿನವರೇ ಹೇಳಿದ್ದಾರೆ, 15,000 ರೂಪಾಯಿ ಕಳಿಸಿದರೆ ಗೆಲ್ಲುವ ತಂಡದ ಹೆಸರು ಹೇಳುತ್ತೇವೆ. ಅಲ್ಲಿಯವರೆಗೆ ಡೇಟಾ, ಮಾಡೆಲ್ ಅಂತಿದ್ದವರು ಇದ್ದಕ್ಕಿದ್ದ ಹಾಗೆ ಫಿಕ್ಸಿಂಗ್ ಅನ್ನುತ್ತಾರೆ ನೋಡಿ! ಇ-ಸ್ಪೋರ್ಟ್ಸ್‌ನಲ್ಲಿ ಫಿಕ್ಸಿಂಗ್ ನಡೆದದ್ದು ಉಂಟು. 2014ರಲ್ಲಿ ಐಬೈಪವರ್ ತಂಡ ಬೇಕೆಂದೇ ಸೋತದ್ದು ಬಯಲಾಗಿ, 2015ರ ಜನವರಿಯಲ್ಲಿ ಕೌಂಟರ್-ಸ್ಟ್ರೈಕ್ ಮಾಡಿದ ವಾಲ್ವ್ ಕಂಪನಿ ಆಟಗಾರರನ್ನು ಬ್ಯಾನ್ ಮಾಡಿತು. ಆ ನಿಜದ ಕತೆಗಳ ಬಲದ ಮೇಲೆಯೇ ಈ ಸುಳ್ಳು ಮಾರಾಟ ಆಗುವುದು. ತಮ್ಮ ಕಳಿಸಲಿಲ್ಲ, ಅಷ್ಟರಲ್ಲಿ ಕಳಿಸಲು ಏನೂ ಉಳಿದಿರಲಿಲ್ಲ.

ದೂರಿನ ವಿಷಯ. ಪ್ರತಿ ಸಲ ದುಡ್ಡು ಕಟ್ಟುವಾಗ ಬೇರೆ ಬೇರೆ ಕ್ಯೂಆರ್ ಕೋಡ್ ಬರುತ್ತಿತ್ತು, ಪ್ರತಿಯೊಂದರಲ್ಲೂ ಬೇರೆ ವ್ಯಕ್ತಿಯ ಹೆಸರು. ಕಂಪನಿ ಹೆಸರು ಒಂದು ಸಲವೂ ಇಲ್ಲ. ಬಾಡಿಗೆ ಖಾತೆಗಳಿಗೆ ದುಡ್ಡು ಹಾಕಿಸಿಕೊಳ್ಳುವವರ ಲಕ್ಷಣ ಇದು. ಬ್ಯಾಂಕಿನವರು "ನೀವೇ ಪಿನ್ ಹಾಕಿ ಕಳಿಸಿದ್ದೀರಿ" ಅಂತ ಕೈ ಎತ್ತಿದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಯುಪಿಐ ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ, ಅದನ್ನೇ ಕೇಳುತ್ತಾರೆ. ಬೇಗ ಮಾಡಿದಷ್ಟೂ ದುಡ್ಡು ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ನಾವು ಮಾಡಿದ್ದು ತಡವಾಗಿ, ಈವರೆಗೆ ಏನೂ ವಾಪಸ್ ಬಂದಿಲ್ಲ. ತಮ್ಮ ಕರೆ ಮಾಡಲು ಹೆದರಿದ್ದು ತಾನು ಬೆಟ್ ಕಟ್ಟಿದ್ದು ಹೊರಗೆ ಬರುತ್ತದೆ ಅಂತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅದರಲ್ಲಿ ಶಿಕ್ಷೆ ಇರುವುದು ಅಂಥದ್ದನ್ನು ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸಿಕೊಡುವವರಿಗೆ. ಆಡಿ ಕಳೆದುಕೊಂಡವರಿಗೆ ಅಲ್ಲ. ಮನೆಯಲ್ಲಿ ಯಾವ ಹುಡುಗನಾದರೂ ಹೀಗೆ ಬಾಯಿ ಮುಚ್ಚಿಕೊಂಡಿದ್ದರೆ ಇದನ್ನು ಹೇಳಿ.

ಅದೇ ಜನ ಈಗ ಹೊಸ ಹೆಸರಿನಲ್ಲಿ ಬಿಜಿಎಂಐ ಪ್ರಿಡಿಕ್ಷನ್ ಶುರು ಮಾಡಿದ್ದಾರೆ. ಹಳೇ ಪೋಸ್ಟರ್‌ನಲ್ಲಿ ಲೋಗೋ ಮಾತ್ರ ಕತ್ತರಿಸಿದ್ದಾರೆ, ಗ್ರಾಫ್ ಇನ್ನೂ ಕೌಂಟರ್-ಸ್ಟ್ರೈಕ್‌ನದ್ದೇ ಇದೆ. "ಟಾಪ್ 3 ಗ್ಯಾರಂಟಿ" ಅಂತೆ. 16 ತಂಡ ಒಟ್ಟಿಗೆ ಇಳಿಯುವ ಆಟ. ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6, ಎದುರಾಳಿಯನ್ನು ಹೊಡೆದುಹಾಕಿದ ಪ್ರತಿ ಫಿನಿಶ್‌ಗೆ ಒಂದು. ಝೋನ್, ಅಂದರೆ ಆಟದ ಸುರಕ್ಷಿತ ಜಾಗ, ಯಾವ ಕಡೆ ಹೋಗುತ್ತದೆ ಅನ್ನುವುದು ಆಡುವವರಿಗೇ ಗೊತ್ತಿರುವುದಿಲ್ಲ. ಇನ್ವೈಟ್ ಲಿಂಕ್ ಈಗ ಕಾಲೇಜು ಹುಡುಗರ ವಾಟ್ಸಾಪ್ ಗ್ರೂಪ್‌ಗಳಿಗೂ ಬರುತ್ತಿದೆ, ತಿಂಗಳ ಫೀಸನ್ನು ಅರ್ಧಕ್ಕೆ ಇಳಿಸಿದ್ದಾರೆ. ನಿಮಗೆ ಬಂದರೆ ಟೆಲಿಗ್ರಾಂನಲ್ಲೇ ರಿಪೋರ್ಟ್ ಒತ್ತಿ. ಲಿಂಕ್ ಕಳಿಸಿದ ಹುಡುಗನಿಗೂ ಒಂದು ಫೋನ್ ಮಾಡಿ, ಅವನೂ ದುಡ್ಡು ಕಟ್ಟಿರಬಹುದು.