ಗ್ರೇ, ರ‍್ಯಾಡ್ ಲೆಕ್ಕಕ್ಕೆ ನನ್ನ ಫೋನಿನ ಆ್ಯಪ್

ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಹಳೇ ಪುಸ್ತಕದಲ್ಲಿ ವಸ್ತು ಹೀರಿಕೊಂಡ ವಿಕಿರಣದ ಲೆಕ್ಕ ರ‍್ಯಾಡ್‌ನಲ್ಲಿ, ಹೊಸದರಲ್ಲಿ ಗ್ರೇನಲ್ಲಿ. ಮಕ್ಕಳು ಗಲಿಬಿಲಿಯಾಗುತ್ತಿದ್ದರು. ಅದಕ್ಕೇ ಯೂನಿಟ್ ಬದಲಿಸುವ ಈ ಆ್ಯಪ್ ಹಾಕಿಕೊಂಡೆ. ಮೂರು ತಿಂಗಳಾಯಿತು, ತುಂಬಾ ಇಷ್ಟವಾಗಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ, ಆಗಲೂ ನಡೆಯುತ್ತದೆ.

ಒಂದು ಗ್ರೇ ಅಂದರೆ 100 ರ‍್ಯಾಡ್. ಅಷ್ಟು ಎಲ್ಲರಿಗೂ ಬಾಯಿಪಾಠ. ಗಂಟೆ, ವರ್ಷ ಸೇರಿದಾಗಲೇ ಎಡವುವುದು. ನಮ್ಮ ಜಗಲಿಯ ಗ್ರಾನೈಟ್ ಮೇಲೆ ವಿಕಿರಣ ಅಳೆಯುವ ಮೀಟರ್ ಇಟ್ಟೆ. ಗಂಟೆಗೆ 0.12 ಮೈಕ್ರೋಗ್ರೇ ಬಂತು. ಆ್ಯಪ್‌ನಲ್ಲಿ ಹಾಕಿದರೆ 12 ಮೈಕ್ರೋರ‍್ಯಾಡ್. 'ವರ್ಷಕ್ಕೆ' ಅಂತ ಒತ್ತಿದೆ, 1.05 ಮಿಲಿಗ್ರೇ. 8,760 ಗಂಟೆಯಿಂದ ಕೈಯಲ್ಲೇ ಗುಣಿಸಿ ನೋಡಿದೆ, ಸರಿಯಿತ್ತು. ಜೋರು ಮಳೆ ಶುರುವಾದಾಗ ಮೀಟರ್ ಸ್ವಲ್ಪ ಏರಿತು. ಗಾಳಿಯಲ್ಲಿನ ವಿಕಿರಣಶೀಲ ಅನಿಲ ರೇಡಾನ್‌ನಿಂದ ಹುಟ್ಟಿದ ಕಣಗಳನ್ನು ಮಳೆ ಕೆಳಗಿಳಿಸುತ್ತದೆ. ನಮ್ಮೂರ ಮಳೆಗೆ ಕೇಳಬೇಕಾ!

ಒಂದೇ ಕೊರತೆ. ಗ್ರೇ, ಸೀವರ್ಟ್ (ದೇಹಕ್ಕಾಗುವ ಹಾನಿಯನ್ನು ಲೆಕ್ಕ ಹಿಡಿಯುವ ಯೂನಿಟ್) ಎರಡೂ ಸಮ ಅಂತ ಸುಮ್ನೆ ತೋರಿಸಿಬಿಡುತ್ತದೆ. ಗಾಮಾ ಕಿರಣಕ್ಕೆ ಅದು ಸರಿ. ಆಲ್ಫಾ ಕಣವಾದರೆ 20ರಿಂದ ಗುಣಿಸಬೇಕು ಅಲ್ವಾ? ಯಾವ ವಿಕಿರಣ ಅಂತ ಕೇಳುವ ಒಂದು ಸಾಲು ಸೇರಿಸಲೇಬೇಕು. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ.