ಹುಬ್ಬಳ್ಳಿ ಲ್ಯಾಬುಗಳ ಆರ್ಥ್ರೈಟಿಸ್ ಪ್ಯಾಕೇಜ್: ರಕ್ತ ಕೊಡುವ ಮೊದಲು ಕೈ ನೋಡಿಕೊಳ್ಳಿ

ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳಲ್ಲಿ ಕೀಲುನೋವಿಗೆಂದು ಮಾರುವ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಸಂಧಿವಾತದಲ್ಲಿ ಹೆಚ್ಚಾಗಿ ಕಾಣುವ ಪ್ರತಿಕಾಯ), ಇಎಸ್‌ಆರ್, ಸಿಆರ್‌ಪಿ (ಎರಡೂ ಉರಿಯೂತದ ಅಳತೆ), ಯೂರಿಕ್ ಆಸಿಡ್ ಮತ್ತು ಎಎಸ್‌ಒ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತವನ್ನು ಶುರುವಿನಲ್ಲೇ ಹಿಡಿಯಬೇಕು ಎನ್ನುವವರಿಗೆ ಇದು ಅರ್ಧ ಸರಕು. ಯೂರಿಕ್ ಆಸಿಡ್ ನೋಡುವುದು ಗೌಟ್ ಎಂಬ ಬೇರೆಯೇ ಕೀಲುರೋಗಕ್ಕಾಗಿ. ಎಎಸ್‌ಒ ಹೇಳುವುದು ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಸುದ್ದಿ. ನಿಜಕ್ಕೂ ಬೇಕಾದ ಆಂಟಿ-ಸಿಸಿಪಿ, ಅಂದರೆ ಈ ರೋಗವನ್ನು ಹೆಚ್ಚು ಖಚಿತವಾಗಿ ತೋರಿಸುವ ಪ್ರತಿಕಾಯದ ಪರೀಕ್ಷೆ, ದುಬಾರಿ. ಹಲವು ಪ್ಯಾಕೇಜುಗಳಲ್ಲಿ ಅದು ಇರುವುದೇ ಇಲ್ಲ.

ರಿಪೋರ್ಟ್ ಓದುವಾಗಲೇ ಹೆಚ್ಚಿನ ಎಡವಟ್ಟು ಆಗುವುದು. ಆರ್‌ಎ ಫ್ಯಾಕ್ಟರ್ ವಯಸ್ಸಾದ ಆರೋಗ್ಯವಂತರಲ್ಲೂ, ಕ್ಷಯ, ಹೆಪಟೈಟಿಸ್ ಸಿ ಇದ್ದವರಲ್ಲೂ ಪಾಸಿಟಿವ್ ಬರಬಹುದು. ರೋಗ ಶುರುವಾದವರಲ್ಲೇ ನೆಗೆಟಿವ್ ಬರುವುದೂ ಉಂಟು. ರಕ್ತಹೀನತೆ ಇದ್ದರೆ ಇಎಸ್‌ಆರ್ ತಾನಾಗಿಯೇ ಏರುತ್ತದೆ.

ಈ ರೋಗ ಗುರುತಿಸಲು ವೈದ್ಯರು ಬಳಸುವ 2010ರ ಮಾನದಂಡದಲ್ಲಿ ಒಟ್ಟು 10 ಅಂಕ, ಅದರಲ್ಲಿ ಕೀಲುಗಳಿಗೇ 5. ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಸೇರಿ 3, ಇಎಸ್‌ಆರ್-ಸಿಆರ್‌ಪಿಗೆ 1, ತೊಂದರೆ ಶುರುವಾಗಿ 6 ವಾರ ದಾಟಿದ್ದರೆ 1. ಕನಿಷ್ಠ ಒಂದು ಕೀಲಾದರೂ ಬಾತಿರದಿದ್ದರೆ ಲೆಕ್ಕ ಶುರುವಾಗುವುದೇ ಇಲ್ಲ.

ಆದ್ದರಿಂದ ಮೊದಲು ಕೈ ನೋಡಿ. ರುಮಟಾಯ್ಡ್ ಆಗಿದ್ದರೆ ಬೆರಳ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟುಗಳಲ್ಲಿ ಮೆತ್ತನೆಯ ಬಾವು, ಹೆಚ್ಚಾಗಿ ಎರಡೂ ಕೈಗೆ. ಉಗುರ ಹತ್ತಿರದ ಗೆಣ್ಣು ಸಾಮಾನ್ಯವಾಗಿ ಬಾವಿಲ್ಲದೆ ಉಳಿದುಕೊಳ್ಳುತ್ತದೆ. ಅಲ್ಲಿ ಗಟ್ಟಿ ಗಂಟಿದ್ದರೆ ಅದು ಬಹುತೇಕ ಸವೆತದ ಸಂಧಿವಾತ. ಮುಂಜಾನೆ ಮುಷ್ಟಿ ಕಟ್ಟಲು, ರೊಟ್ಟಿ ಬಡಿಯಲು, ಬಟ್ಟೆ ಹಿಂಡಲು ಬಾರದ ಬಿಗಿತ ಅರ್ಧ ಗಂಟೆ ಮೀರಿ ಇರುತ್ತದೆ, ಹಂಚು ಕಾಯುವಷ್ಟರಲ್ಲಿ ಬಿಡುವಂಥದ್ದಲ್ಲ. ಇನ್ನೊಬ್ಬರು ನಾಲ್ಕು ಬೆರಳ ಬುಡವನ್ನು ಎರಡೂ ಬದಿಯಿಂದ ಕೈಕುಲುಕುವಷ್ಟೇ ಬಲದಲ್ಲಿ ಒತ್ತಲಿ. ನೋವಾದರೆ ಅದು ಮುಖ್ಯ ಸುಳಿವು. ಪಾದದ ಬೆರಳ ಬುಡವನ್ನೂ ಹಾಗೆಯೇ ಒತ್ತಿ ನೋಡಬೇಕು, ಇದನ್ನು ಬಹಳ ಜನ ಬಿಡುತ್ತಾರೆ.

ಚಿಕೂನ್‌ಗುನ್ಯಾ ಬಂದು ಹೋದವರಲ್ಲೂ ಇವೇ ಕೀಲುಗಳು ತಿಂಗಳುಗಟ್ಟಲೆ ಬಾತಿರಬಹುದು. ಜ್ವರ ಬಂದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ನಮ್ಮ ಸಲಹೆ: ಪ್ಯಾಕೇಜ್ ಬಿಡಿ. ಆಂಟಿ-ಸಿಸಿಪಿ, ಆರ್‌ಎ ಫ್ಯಾಕ್ಟರ್, ಇಎಸ್‌ಆರ್, ಸಿಆರ್‌ಪಿ ನಾಲ್ಕನ್ನೇ ಬಿಡಿಯಾಗಿ ಕೇಳಿ, ಉಪವಾಸ ಬೇಕಿಲ್ಲ. ಮೆಡಿಕಲ್ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಗುಳಿಗೆಯನ್ನು ನುಂಗಿ ಹೋಗಬೇಡಿ, ಬಾವೂ ಸಿಆರ್‌ಪಿಯೂ ಇಳಿದು ರೋಗ ಮರೆಯಾಗುತ್ತದೆ. ಎಕ್ಸ್‌ರೇ ಶುರುವಿನಲ್ಲಿ ಸರಿಯಾಗಿಯೇ ಕಾಣಬಹುದು. ನಾಲ್ಕೂ ನಾರ್ಮಲ್ ಬಂದರೂ ಬಾವು ಉಳಿದಿದ್ದರೆ ತೊಂದರೆ ಶುರುವಾದ 6 ವಾರದೊಳಗೆ ರುಮಟಾಲಜಿಸ್ಟರಿಗೆ (ಕೀಲುರೋಗ ತಜ್ಞರಿಗೆ) ತೋರಿಸಿ; ಚಿಕಿತ್ಸೆ 3 ತಿಂಗಳೊಳಗೆ ಶುರುವಾಗಬೇಕು.