ಟೆಲಿ-ಮಾನಸ್ 14416: ಖಿನ್ನತೆಗೆ ಮಾತಿನ ಚಿಕಿತ್ಸೆ ಹುಡುಕುವವರಿಗೆ ಎಷ್ಟು ಉಪಯೋಗ?

ಖಿನ್ನತೆಗೆ ಮಾತ್ರೆ ಇದೆ ಎಂಬುದು ಈಗ ತುಂಬ ಮನೆಗಳಿಗೆ ಗೊತ್ತು. ಮಾತೂ ಚಿಕಿತ್ಸೆ ಎಂದರೆ ಮಾತ್ರ, "ಬರೀ ಮಾತಾಡಿದರೆ ವಾಸಿಯಾಗುತ್ತಾ?" ಅನ್ನುತ್ತಾರೆ. ಆ ಚಿಕಿತ್ಸೆಯ ಬಾಗಿಲು ತಟ್ಟುವುದಕ್ಕೆ ಇರುವ ಸುಲಭದ ದಾರಿಗಳಲ್ಲಿ ಟೆಲಿ-ಮಾನಸ್ ಒಂದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಕೊನೆಯದು ಸಣ್ಣ ವಿಷಯವಲ್ಲ. "ಎದೆ ಭಾರ", "ಯಾವುದರಲ್ಲೂ ಮನಸ್ಸಿಲ್ಲ" ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಅರ್ಧ ಸಂಕಟ ಒಳಗೇ ಉಳಿದುಬಿಡುತ್ತದೆ.

ಮೊದಲು ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅಗತ್ಯ ಕಂಡರೆ ತಜ್ಞರಿಗೆ ಕರೆ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ, ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡು ಹೊರಡಿ.

ಇಷ್ಟರಮಟ್ಟಿಗೆ ಸೇವೆಗೆ ಪೂರ್ತಿ ಅಂಕ. ಆದರೆ ಒಂದು ಕರೆಯನ್ನೇ ಚಿಕಿತ್ಸೆ ಎಂದುಕೊಂಡರೆ ನಿರಾಸೆ ಖಂಡಿತ. ಮಾತಿನ ಚಿಕಿತ್ಸೆ ಎಂದರೆ ಪ್ರತಿ ಸಲ ಅದೇ ಚಿಕಿತ್ಸಕರ ಜೊತೆ, ಸಾಮಾನ್ಯವಾಗಿ ವಾರಕ್ಕೊಮ್ಮೆ, 45-50 ನಿಮಿಷ. ಯೋಚನೆ, ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ಬಗೆಗೆ ಹೆಚ್ಚಾಗಿ 12ರಿಂದ 20 ಭೇಟಿ ಬೇಕಾಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯರೇ 6ರಿಂದ 8 ಭೇಟಿಗಳಲ್ಲಿ ತೀವ್ರ ಖಿನ್ನತೆಯವರಿಗೆ ನೆರವಾದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ನಿಂತುಹೋದ ಚಟುವಟಿಕೆಗಳನ್ನು ಮತ್ತೆ ಶುರುಮಾಡಿಸುವ ಸರಳ ವಿಧಾನ.

ಅದು ಕೆಲಸ ಮಾಡುವ ಬಗೆ ಹೀಗೆ. ಮನಸ್ಸು ಕುಗ್ಗಿದಾಗ ಮನುಷ್ಯ ಮಲಗುತ್ತಾನೆ, ಫೋನ್ ಎತ್ತುವುದಿಲ್ಲ, ಅಂಗಳಕ್ಕೂ ಬರುವುದಿಲ್ಲ. ಖುಷಿ ಕೊಡುವುದೆಲ್ಲ ದೂರವಾಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. "ಉತ್ಸಾಹ ಬಂದ ಮೇಲೆ ಮಾಡೋಣ" ಎಂದು ಕಾದರೆ ಅದು ಬರುವುದೇ ಇಲ್ಲ. ಮಾಡಿದ ಮೇಲೆ ನಿಧಾನಕ್ಕೆ ಬರುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ವಾರದ ದಿನಗಳನ್ನು ಬರೆದು, ಏನು ಮಾಡಿದೆ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಗುರುತು ಹಾಕಿಸುತ್ತಾರೆ. ಸೋಮವಾರ ಮಧ್ಯಾಹ್ನ ಮಲಗಿದ್ದಾಗ 2, ಸಂಜೆ ಗಿಡಕ್ಕೆ ನೀರು ಹಾಕಿದ ಮೇಲೆ 4. ಆ ಎರಡು ಅಂಕಿಯ ವ್ಯತ್ಯಾಸದಿಂದಲೇ ಮುಂದಿನ ವಾರದ ಕೆಲಸ ಹುಟ್ಟುತ್ತದೆ.

ಕೆಡುವುದೂ ಹೆಚ್ಚಾಗಿ ಈ ಹಾಳೆಯಲ್ಲೇ. "ದಿನಾ ಒಂದು ಗಂಟೆ ವಾಕಿಂಗ್" ಎಂದು ಬರೆದರೆ ಎರಡನೇ ದಿನ ತಪ್ಪುತ್ತದೆ, "ನನ್ನ ಕೈಲಿ ಇದೂ ಆಗಲ್ಲ" ಎಂಬ ಯೋಚನೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. "ಏಳು ಗಂಟೆಗೆ ಚಪ್ಪಲಿ ಹಾಕಿ ಗೇಟಿನವರೆಗೆ" ಎಂದು ಬರೆಯುವವರು ಒಳ್ಳೆಯ ಚಿಕಿತ್ಸಕರು. ಸ್ನಾನವೇ ಬೆಟ್ಟವಾದವರಿಗೆ ಮುಖ ತೊಳೆಯುವುದರಿಂದ ಶುರು.

ಬರೀ ಬುದ್ಧಿ ಹೇಳುವವರು, "ಧೈರ್ಯ ತಗೊಳ್ಳಿ, ದೇವರಿದ್ದಾನೆ" ಎಂದು ಕಳಿಸುವವರು ಸಿಕ್ಕರೆ ಬೇರೆಯವರನ್ನು ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು, ಇಂಥ ತಜ್ಞರನ್ನು ನೋಂದಾಯಿಸುವ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಮೂರು ಭೇಟಿಗೆ ಸ್ವಲ್ಪ ಹಗುರಾಯಿತೆಂದು ನಿಲ್ಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಕಡೆಯ ಭೇಟಿಗಳಲ್ಲಿ ಖಿನ್ನತೆ ಮರಳುವ ಲಕ್ಷಣಗಳನ್ನು ಮೊದಲೇ ಗುರುತಿಸುವುದನ್ನು ಕಲಿಸುತ್ತಾರೆ. ಮಾತ್ರೆ ಶುರುವಾಗಿದ್ದರೆ ಮಾತಿನ ಚಿಕಿತ್ಸೆ ಅದರ ಜೊತೆಗೇ ಸಾಗಲಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಊಟ ನಿದ್ದೆ ಪೂರ್ತಿ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಿಸಬಾರದು: ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

14416ಕ್ಕೆ ಕರೆ ಮಾಡುವ ಮುನ್ನ ನಾಲ್ಕು ಸಂಗತಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ವಾರದಿಂದ ಹೀಗಿದೆ, ನಿದ್ದೆ ಎಷ್ಟು ಗಂಟೆ, ಯಾವ ಕೆಲಸ ನಿಂತುಹೋಗಿದೆ, ಯಾವ ಮಾತ್ರೆ ನಡೆಯುತ್ತಿದೆ. ಮಾತು ಮುಗಿಯುವ ಮುಂಚೆ, "ನನ್ನ ಊರಿನ ಹತ್ತಿರ ವಾರವಾರ ಕೂತು ಮಾತಾಡಲು ಯಾರಿದ್ದಾರೆ?" ಎಂದು ಕೇಳಿ, ವಿಳಾಸ ಬರೆದುಕೊಂಡೇ ಫೋನ್ ಇಡಿ.